ತಮ್ಮ, ತಂಬಿ, ಚೇಟ್ಟನ್: ಬಾಲೂ ಫಾಂಟು, ಅದರ ಕ್ಯಾಶು, ನಮ್ಮ ಮಾವನ ಬೆಲ್ಲ

ಮೊದಲೇ ಹೇಳಿಬಿಡುತ್ತೇನೆ, ನಾನು ವೆಬ್‌ಸೈಟ್ ಮಾಡಿ ಬದುಕುವವನಲ್ಲ. ಮಂಡ್ಯದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಎಚ್‌ಟಿಎಂಎಲ್ ಅಷ್ಟೋ ಇಷ್ಟೋ ಗೊತ್ತು ಅಂತ ಒಂದು ಮದುವೆ ಮನೆಯಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯಿತು, ಸೋದರಮಾವನ ಆಲೆಮನೆಯ ಪುಟ ನನ್ನ ತಲೆಗೆ ಬಂತು. ಮಾವನ ಬೆಲ್ಲ ಮೊದಲೆಲ್ಲ ಮಂಡ್ಯದ ಎಪಿಎಂಸಿಗೆ ಹೋಗಿ ಅಲ್ಲಿಗೇ ಮುಗಿಯುತ್ತಿತ್ತು. ಈಗ ಪೊಂಗಲ್‌ಗೆ ಈರೋಡು, ಸೇಲಂ ಕಡೆಯಿಂದ, ಓಣಂಗೆ ತ್ರಿಶೂರು, ಕೋಯಿಕ್ಕೋಡ್ ಕಡೆಯಿಂದ ನೇರವಾಗಿ ಫೋನ್ ಮಾಡಿ ತರಿಸಿಕೊಳ್ಳುವವರು ಇದ್ದಾರೆ. ಹಾಗಾಗಿ ಪುಟ ಕನ್ನಡ, ಇಂಗ್ಲಿಷ್, ತಮಿಳು, ಮಲಯಾಳಂ ನಾಲ್ಕರಲ್ಲೂ ಬೇಕು ಅಂದರು. ನಾಲ್ಕು ಭಾಷೆ ಅಂದರೆ ನಾಲ್ಕು ಲಿಪಿ. ನಾಲ್ಕು ಲಿಪಿ ಅಂದರೆ ಎಷ್ಟು ಫಾಂಟ್ ಫೈಲು ಅನ್ನೋದು ಆಗ ನನಗೆ ಗೊತ್ತಿರಲಿಲ್ಲ.

ಪುಟ ಏರಿಸಿದ ಮಾರನೇ ದಿನವೇ ಮಾವನ ಫೋನು. ನಾಲೆ ಏರಿ ಮೇಲೆ ನಿಂತು ಒಂದು ಕಡ್ಡಿ ಸಿಗ್ನಲ್‌ನಲ್ಲಿ ಪುಟ ತೆಗೆದಿದ್ದಾರೆ. "ಏನ್ಲಾ ಇದು, ಬೆಲ್ಲದ ಫೋಟೋ ಬತ್ತದೆ, ಅಕ್ಸರವೇ ಬರಾಕಿಲ್ವಲ್ಲ?"

ಬರುತ್ತದೆ, ಆದರೆ ತಡವಾಗಿ. ಹೊರಗಿನ ಫಾಂಟ್ ಹಾಕಿದ ಪುಟದಲ್ಲಿ, ಏನೂ ಹೇಳದೆ ಬಿಟ್ಟರೆ, ಆ ಫಾಂಟ್ ಇಳಿಯುವವರೆಗೆ ಬ್ರೌಸರ್ ಅಕ್ಷರಗಳನ್ನು ಮುಚ್ಚಿಟ್ಟುಕೊಳ್ಳುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಸುಮಾರು 3 ಸೆಕೆಂಡ್ ಹೀಗೆ ಖಾಲಿ ಜಾಗ. ಆಮೇಲೆ ಫೋನಿನಲ್ಲಿ ಇರುವ ಅಕ್ಷರ ತೋರಿಸುತ್ತದೆ, ಫಾಂಟ್ ಬಂದಾಗ ಬದಲಾಯಿಸುತ್ತದೆ. 3 ಸೆಕೆಂಡ್ ಏನು ಮಹಾ ಅನ್ನಬೇಡಿ. ನಮ್ಮ ಮಾವ ಕಾಯುವ ಜಾತಿ ಅಲ್ಲ, ಗಿರಾಕಿಯೂ ಅಲ್ಲ.

ಇದು ಆಗಿ ಒಂದು ವರ್ಷವಾಯಿತು. ಈ ವರ್ಷದಲ್ಲಿ ಬಾಲೂ ಅನ್ನುವ ಫಾಂಟು, ಗೂಗಲ್ ಫಾಂಟ್ಸ್ ಸೇವೆ, ನಮ್ಮದೇ ಹೋಸ್ಟಿಂಗ್‌ನಲ್ಲಿ, ಅಂದರೆ ನಮ್ಮ ಪುಟ ಇರುವ ಬಾಡಿಗೆ ಸರ್ವರ್‌ನಲ್ಲೇ ಫಾಂಟ್ ಇಟ್ಟುಕೊಳ್ಳುವುದು, ಮೂರನ್ನೂ ಬಳಸಿ ನೋಡಿದ್ದೇನೆ. ಕನ್ನಡದ ಜೊತೆ ಇನ್ನೊಂದು ಲಿಪಿ ಇರುವ ಪುಟ ಮಾಡುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಫಾಂಟಿನ ವಿಷಯ. ಬಾಲೂ ಮುಂಬೈನ ಏಕ್ ಟೈಪ್ ಅನ್ನುವವರು ಮಾಡಿದ ಅಕ್ಷರ ಕುಟುಂಬ. ದುಂಡು ದುಂಡಾಗಿ, ದಪ್ಪಗೆ, ಒಳ್ಳೆ ಉಂಡೆ ಬೆಲ್ಲದ ಹಾಗೇ ಇದೆ. ನನಗೆ ಖುಷಿಯಾಗಿದ್ದು ಹೆಸರುಗಳನ್ನು ನೋಡಿ. ಕನ್ನಡದ್ದು ಬಾಲೂ ತಮ್ಮ, ತಮಿಳಿನದು ಬಾಲೂ ತಂಬಿ, ಮಲಯಾಳಂದು ಬಾಲೂ ಚೇಟ್ಟನ್, ತೆಲುಗಿನದು ತಮ್ಮುಡು, ಪಂಜಾಬಿಯದು ಪಾಜಿ. ಎಲ್ಲಾ ಅಣ್ಣತಮ್ಮಂದಿರೇ. ಈಗಿರುವುದು ಎರಡನೇ ಆವೃತ್ತಿ, ಹೆಸರಿನ ಕೊನೆಗೆ 2 ಇರುತ್ತದೆ. ಲೈಸೆನ್ಸ್ ಮುಕ್ತ, ಅಂದರೆ ದುಡ್ಡು ಕೊಡಬೇಕಿಲ್ಲ, ನಮ್ಮ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದು, ಬೇಕಾದಷ್ಟು ಕತ್ತರಿಸಿಕೊಳ್ಳಬಹುದು. ನಾಲ್ಕು ಭಾಷೆಯ ಪುಟಕ್ಕೆ ಇದರ ದೊಡ್ಡ ಗುಣ ಅಂದರೆ ಯಾವ ಭಾಷೆಯ ಪುಟ ತೆಗೆದರೂ ಒಂದೇ ಅಂಗಡಿಯ ಬೋರ್ಡ್ ಅನ್ನಿಸುತ್ತದೆ. ಕನ್ನಡಕ್ಕೆ ಒಂದು, ತಮಿಳಿಗೆ ಇನ್ನೊಂದು ಅಂತ ಸಿಕ್ಕಿದ್ದನ್ನು ಹಾಕಿದರೆ ಆ ಭಾವನೆ ಬರುವುದಿಲ್ಲ. ಅದೇ ಏಕ್ ಟೈಪ್‌ನವರದೇ ಅನೇಕ್ ಅಂತ ಇನ್ನೊಂದು ಇದೆ, ಅದರಲ್ಲೂ ಕನ್ನಡ, ತಮಿಳು, ಮಲಯಾಳಂ ಎಲ್ಲಾ ಇವೆ, ದಪ್ಪ ಮಾತ್ರ ಅಲ್ಲ, ಅಗಲವನ್ನೂ ಬದಲಾಯಿಸಬಹುದು. ಆಫೀಸ್ ತರದ ಪುಟಕ್ಕೆ ಅದೇ ವಾಸಿ. ಬೆಲ್ಲಕ್ಕೆ ಬಾಲೂನೇ ಸರಿ.

ಫಾಂಟಿನಲ್ಲಿ ಒಂದೇ ಒಂದು ಕೊರತೆ. ಉದ್ದದ ಬರಹಕ್ಕೆ ಆಗುವುದಿಲ್ಲ. ನಾಲ್ಕು ಸಾಲಿನ ಮೇಲೆ ಓದಿದರೆ ಕಣ್ಣು ಭಾರ. ನಾನು ಮೊದಲು ಇಡೀ ಪುಟಕ್ಕೇ ಹಾಕಿದ್ದೆ, ಬೆಲ್ಲ ಮಾಡುವ ವಿಧಾನದ ಉದ್ದ ಬರಹಕ್ಕೂ ಸೇರಿಸಿ. ಮಾವ ನಾಲೆ ಏರಿ ಮೇಲೆ ಖಾಲಿ ಪುಟ ನೋಡಿದ್ದು ಅದಕ್ಕೇ.

ಗೂಗಲ್ ಫಾಂಟ್ಸ್ ಬಗ್ಗೆ ಈಗ. 2010ರಿಂದ ಇರುವ ಸೇವೆ, ಪುಕ್ಕಟೆ. ಎರಡು ಸಾಲು ಅಂಟಿಸಿದರೆ ಸಾಕು, ಫಾಂಟ್ ಬರುತ್ತದೆ. ಅವರು ಕೊಡುವ ಸಾಲಿನ ಕೊನೆಯಲ್ಲಿ 'ಡಿಸ್‌ಪ್ಲೇ ಸ್ವಾಪ್' ಅಂತ ಇರುತ್ತದೆ. ಫಾಂಟ್ ಬರುವವರೆಗೆ ಇರುವ ಅಕ್ಷರವನ್ನೇ ತೋರಿಸು ಅಂತ ಅದರ ಅರ್ಥ. ನಾನು ಕಾಪಿ ಮಾಡುವಾಗ ಬಾಲ ಬಿಟ್ಟು ಹೋಗಿತ್ತು. ತಪ್ಪು ನನ್ನದೇ.

ಬಾಲ ಸೇರಿಸಿದೆ. ಖಾಲಿ ಪುಟದ ಕಾಟ ತಪ್ಪಿತು. ಆದರೂ ಅಕ್ಷರ ಬದಲಾಗುವುದಕ್ಕೆ ತುಂಬಾ ಹೊತ್ತು ಹಿಡಿಯುತ್ತಿತ್ತು. ಯಾಕೆ ಅಂತ ಹುಡುಕಿದಾಗ ಗೊತ್ತಾಗಿದ್ದು, ನನ್ನ ತಲೆಯಲ್ಲಿ ಇದ್ದ ಒಂದು ನಂಬಿಕೆ ಎಂದೋ ಹಳತಾಗಿ ಹೋಗಿತ್ತು ಅನ್ನೋದು.

ಆ ನಂಬಿಕೆ ಏನು ಅಂದರೆ, ಗೂಗಲ್ ಫಾಂಟನ್ನು ಲಕ್ಷಾಂತರ ಸೈಟುಗಳು ಬಳಸುತ್ತವೆ, ಆದ್ದರಿಂದ ಗಿರಾಕಿಯ ಬ್ರೌಸರ್‌ನಲ್ಲಿ ಅದು ಆಗಲೇ ಇರುತ್ತದೆ, ನಮ್ಮ ಪುಟಕ್ಕೆ ಬಂದಾಗ ಮತ್ತೆ ಇಳಿಸಬೇಕಿಲ್ಲ. ಶಾಮಿಯಾನ ಅಂಗಡಿಯ ಪಾತ್ರೆ ಇದ್ದ ಹಾಗೆ ಅಂದುಕೊಳ್ಳಿ. ಪಕ್ಕದ ಮನೆಯವರು ಮದುವೆಗೆ ಬಾಡಿಗೆ ತಂದ ಕೊಳಗ ಇನ್ನೂ ವಾಪಸ್ ಹೋಗಿಲ್ಲ, ನಮ್ಮ ಮನೆ ನಾಮಕರಣಕ್ಕೂ ಅದೇ ಆಯಿತು. ಮೊದಲು ಬ್ರೌಸರ್‌ಗಳಲ್ಲಿ ಹೀಗೇ ನಡೆಯುತ್ತಿತ್ತು. ಈಗ ಇಲ್ಲ. ಈಗ ಒಂದೊಂದು ಸೈಟಿಗೂ ಬ್ರೌಸರ್ ಬೇರೆ ಬೇರೆ ಉಗ್ರಾಣ ಇಡುತ್ತದೆ. ಇಳಿಸಿದ ಫೈಲು ಕೂಡಿಡುವ ಈ ಉಗ್ರಾಣಕ್ಕೇ ಕ್ಯಾಶ್ ಅನ್ನುವುದು. ಸಫಾರಿ ಇದನ್ನು 2013ರಲ್ಲೇ ಮಾಡಿತ್ತು. ಕ್ರೋಮ್ 2020ರ ಅಕ್ಟೋಬರ್‌ನಲ್ಲಿ 86ನೇ ಆವೃತ್ತಿಯಿಂದ, ಫೈರ್‌ಫಾಕ್ಸ್ 2021ರ ಜನವರಿಯಲ್ಲಿ 85ನೇ ಆವೃತ್ತಿಯಿಂದ ಶುರು ಮಾಡಿದವು. ಕಾರಣ ಸರಿಯಾದದ್ದೇ. ಒಂದು ಫೈಲು ಬೇಗ ಬಂತೋ ತಡವಾಗಿ ಬಂತೋ ಅಂತ ಅಳೆದು, ನೀವು ಇನ್ನೊಂದು ಸೈಟಿಗೆ ಹೋಗಿದ್ದಿರಾ ಇಲ್ಲವಾ ಅಂತ ಕಂಡುಹಿಡಿಯುವವರು ಇದ್ದರು. ಅದನ್ನು ತಪ್ಪಿಸಲು ಉಗ್ರಾಣ ಬೇರೆ ಮಾಡಿದರು. ಆದರೆ ಫಲ ಏನು? ಯಾವುದೋ ಪೇಪರಿನ ಸೈಟಿನಲ್ಲಿ ನಿನ್ನೆ ಇಳಿದ ಕನ್ನಡ ಫಾಂಟು ಮಾವನ ಪುಟಕ್ಕೆ ದಕ್ಕುವುದಿಲ್ಲ. ಪ್ರತಿ ಮನೆಗೂ ಹೊಸ ಕೊಳಗ.

ಹಾಗಿದ್ದಾಗ ಬಾಡಿಗೆ ಅಂಗಡಿಗೆ ಯಾಕೆ ಹೋಗಬೇಕು? ಗೂಗಲ್ ಫಾಂಟ್ಸ್‌ನಲ್ಲಿ ಫಾಂಟ್ ಯಾವುದು ಅಂತ ಹೇಳುವ ಸಿಎಸ್‌ಎಸ್ (ಪುಟದ ಅಂದಚೆಂದ ಬರೆದಿಡುವ ಫೈಲು) ಒಂದು ಡೊಮೈನ್‌ನಿಂದ, ಅಂದರೆ ಒಂದು ವೆಬ್ ವಿಳಾಸದಿಂದ ಬರುತ್ತದೆ, ಫಾಂಟ್ ಫೈಲು ಇನ್ನೊಂದರಿಂದ. ಫೈಲಿಗೆ ಒಂದು ವರ್ಷದ ಕ್ಯಾಶ್ ಇದೆ, ಅದು ಸರಿ. ಸಿಎಸ್‌ಎಸ್‌ಗೆ ಒಂದೇ ದಿನ. ನಾಳೆ ಮತ್ತೆ ಬಂದ ಗಿರಾಕಿಯ ಫೋನು ಮೊದಲು ಹೋಗಿ ಆ ಸಿಎಸ್‌ಎಸ್ ಕೇಳಬೇಕು. ಬೆಂಗಳೂರಿನ ಫೈಬರ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ನಾಲೆ ಏರಿ ಮೇಲೆ ಪ್ರತಿ ಹೊಸ ಡೊಮೈನ್‌ಗೂ ಹೋಗಿ ಬಂದು, ಕೈ ಕುಲುಕಿ, ಬೀಗ ತೆಗೆಯುವಷ್ಟರಲ್ಲಿ ಬೆಲ್ಲ ಪಾಕಕ್ಕೆ ಬಂದಿರುತ್ತದೆ. ಆ ಡೊಮೈನ್‌ಗಳನ್ನು ಮೊದಲೇ ಹೋಗಿ ಮಾತಾಡಿಸಿರು ಅನ್ನುವ ಪ್ರೀಕನೆಕ್ಟ್ ಸಾಲು ಹಾಕಿದರೆ ಸ್ವಲ್ಪ ವಾಸಿ, ಪೂರಾ ಅಲ್ಲ.

(ಜರ್ಮನಿಯಲ್ಲಿ 2022ರ ಜನವರಿಯಲ್ಲಿ ಮ್ಯೂನಿಕ್‌ನ ಒಂದು ಕೋರ್ಟು, ಗೂಗಲ್ ಫಾಂಟ್ಸ್ ನೇರವಾಗಿ ಹಾಕಿ ಭೇಟಿ ಕೊಟ್ಟವರ ಐಪಿ ವಿಳಾಸ ಒಪ್ಪಿಗೆಯಿಲ್ಲದೆ ಗೂಗಲ್‌ಗೆ ಹೋಗುವಂತೆ ಮಾಡಿದ ಸೈಟಿನವರಿಗೆ 100 ಯೂರೋ ಕೊಡಿ ಅಂತ ಹೇಳಿತು. ಮಾವನ ಬೆಲ್ಲಕ್ಕೆ ಜರ್ಮನಿ ಗಿರಾಕಿ ಸದ್ಯಕ್ಕಿಲ್ಲ.)

ಗೂಗಲ್‌ನವರ ಒಂದು ಕೆಲಸಕ್ಕೆ ಮಾತ್ರ ಪೂರ್ತಿ ಅಂಕ ಕೊಡುತ್ತೇನೆ. ಅವರು ಫಾಂಟನ್ನು ಲಿಪಿಗೆ ತಕ್ಕಂತೆ ತುಂಡು ಮಾಡಿ ಇಟ್ಟಿದ್ದಾರೆ. ಕನ್ನಡದ ತುಂಡು ಬೇರೆ, ಇಂಗ್ಲಿಷಿನದು ಬೇರೆ. ಪ್ರತಿ ತುಂಡಿಗೂ ಯೂನಿಕೋಡ್-ರೇಂಜ್ ಅಂತ, ಯಾವ ಯಾವ ಅಕ್ಷರಕ್ಕೆ ಈ ತುಂಡು ಅಂತ ಹೇಳುವ ಚೀಟಿ ಅಂಟಿಸಿರುತ್ತಾರೆ. ಪುಟದಲ್ಲಿ ಆ ರೇಂಜಿನ ಒಂದಾದರೂ ಅಕ್ಷರ ಇದ್ದರೆ ಮಾತ್ರ ಬ್ರೌಸರ್ ಆ ತುಂಡನ್ನು ಇಳಿಸುತ್ತದೆ. ಬಹಳ ಚೆಂದದ ಏರ್ಪಾಟು.

ಆದರೆ 'ಒಂದಾದರೂ ಅಕ್ಷರ' ಅನ್ನುವಲ್ಲೇ ನಾನು ಸಿಕ್ಕಿಬಿದ್ದೆ. ಎಲ್ಲಾ ಪುಟದ ತಲೆಯ ಮೇಲೆ ಭಾಷೆ ಬದಲಾಯಿಸುವ ಪಟ್ಟಿ ಹಾಕಿದ್ದೆ ಅಲ್ವಾ? ಕನ್ನಡ, ತಮಿಳು, ಮಲಯಾಳಂ ಅಂತ ಆಯಾ ಲಿಪಿಯಲ್ಲೇ ಬರೆದಿದ್ದೆ, ಅದೇ ಮರ್ಯಾದೆ ಕೂಡ. ಆ ಒಂದೊಂದು ಪದಕ್ಕೋಸ್ಕರ ಕನ್ನಡ ಪುಟ ತೆಗೆದವನ ಫೋನಿಗೂ ತಂಬಿ, ಚೇಟ್ಟನ್ ಇಬ್ಬರೂ ಪೂರಾ ಇಳಿಯುತ್ತಿದ್ದರು. ಒಂದು ಪದ ಓದಲು ಇಡೀ ಲಿಪಿ! ನಾಲ್ಕು ಭಾಷೆಯ ಪುಟ ನಿಧಾನ ಆಗಿದ್ದಕ್ಕೆ ಅರ್ಧಕ್ಕಿಂತ ಜಾಸ್ತಿ ಕಾರಣ ಇದೇ. ಆ ಪಟ್ಟಿಯನ್ನು ಫೋನಿನ ಸ್ವಂತ ಅಕ್ಷರಕ್ಕೆ ಬಿಟ್ಟೆ, ಒಂದೇ ಸಾಲಿನ ಬದಲಾವಣೆ. ನಿಮ್ಮ ಸೈಟಿನಲ್ಲಿ ಇಂಥ ಪಟ್ಟಿ ಇದ್ದರೆ ಮೊದಲು ಇದನ್ನೇ ನೋಡಿ, ಉಳಿದದ್ದು ಆಮೇಲೆ.

ಇನ್ನೊಂದು ಸಣ್ಣದು, ₹ ಚಿಹ್ನೆ. ಅದು ಮಾಮೂಲಿ ಇಂಗ್ಲಿಷ್ ತುಂಡಿನ ರೇಂಜಿನಲ್ಲಿ ಇಲ್ಲ. ಬೆಲೆಪಟ್ಟಿಯಲ್ಲಿ ₹ ಹಾಕಿದ ಕೂಡಲೇ ಅದೊಂದಕ್ಕೆ ಬೇರೆ ತುಂಡು ಇಳಿಯುತ್ತದೆ. ಬೆಲೆಪಟ್ಟಿ ಇಲ್ಲದ ಅಂಗಡಿ ಪುಟ ಯಾವುದಿದೆ ಹೇಳಿ. ಹಾಗೇ ಕನ್ನಡದ ತುಂಡಿನಲ್ಲಿ 1, 2, 3 ಅಂಕಿಗಳಾಗಲಿ, ಅಲ್ಪವಿರಾಮವಾಗಲಿ ಇರುವುದಿಲ್ಲ. ಹಾಗಾಗಿ ಒಂದೂ ಇಂಗ್ಲಿಷ್ ಪದ ಇಲ್ಲದ ಅಚ್ಚಗನ್ನಡದ ಪುಟಕ್ಕೂ ಇಂಗ್ಲಿಷ್ ತುಂಡು ಬೇಕೇ ಬೇಕು.

ಇಷ್ಟಾದ ಮೇಲೆ ಫಾಂಟುಗಳನ್ನು ನಮ್ಮ ಹೋಸ್ಟಿಂಗ್‌ಗೇ ತಂದೆ. ಹೋಸ್ಟಿಂಗ್ ಯಾರದ್ದು ಅಂತ ಹೇಳುವುದಿಲ್ಲ, ವರ್ಷಕ್ಕೆ ಇಷ್ಟು ಅಂತ ಕಟ್ಟುವ ಅಗ್ಗದ ಪ್ಲಾನು. ಅಲ್ಲಿ ಫಾಂಟ್ ಫೈಲಿಗೆ ಕ್ಯಾಶ್-ಕಂಟ್ರೋಲ್ ಅನ್ನುವ, ಎಷ್ಟು ದಿನ ಇಟ್ಟುಕೊಳ್ಳಬಹುದು ಅಂತ ಬ್ರೌಸರ್‌ಗೆ ಹೇಳುವ ಚೀಟಿಯೇ ಹೋಗುತ್ತಿರಲಿಲ್ಲ. ಚೀಟಿ ಇಲ್ಲದಿದ್ದರೆ ಬ್ರೌಸರ್ ಅಂದಾಜು ಹಾಕುತ್ತದೆ. ಫೈಲು ಕೊನೆಗೆ ಬದಲಾಗಿ ಎಷ್ಟು ದಿನ ಆಯಿತೋ ಅದರ ಹತ್ತರಲ್ಲಿ ಒಂದು ಭಾಗದಷ್ಟು ಕಾಲ ಇಟ್ಟುಕೊಳ್ಳುವುದು ಸಾಮಾನ್ಯ ಪದ್ಧತಿ. ಅಂದರೆ 10 ದಿನದ ಹಿಂದೆ ಏರಿಸಿದ ಫೈಲಿಗೆ ಒಂದು ದಿನ. ನಿನ್ನೆ ಏರಿಸಿದ್ದಕ್ಕೆ ಎರಡೂವರೆ ಗಂಟೆಯೂ ಇಲ್ಲ. ಚಾಟ್‌ನಲ್ಲಿ ಕೇಳಿದರೆ, "ನಿಮ್ಮ ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ನೋಡಿ ಸರ್" ಅಂದರು. ನಾನು ಕೇಳುತ್ತಿರುವುದು ಕ್ಯಾಶ್ ಉಳಿಯಲಿ ಅಂತ, ಇವರು ಕ್ಲಿಯರ್ ಮಾಡಿ ಅನ್ನುತ್ತಾರೆ.

ಅಪಾಚೆ ಸರ್ವರ್ ಆದರೆ ನೀವೇ ಸರಿ ಮಾಡಿಕೊಳ್ಳಬಹುದು. ಎಚ್‌ಟಿಆಕ್ಸೆಸ್ ಅನ್ನುವ ಅದರ ಸೆಟ್ಟಿಂಗ್ ಫೈಲಿನಲ್ಲಿ ವೋಫ್2 (ವೆಬ್‌ಗೆ ಅಂತ ಒತ್ತಿ ಸಣ್ಣದು ಮಾಡಿದ ಫಾಂಟ್) ಫೈಲುಗಳಿಗೆ 'ಪಬ್ಲಿಕ್, ಮ್ಯಾಕ್ಸ್-ಏಜ್ 31536000, ಇಮ್ಯೂಟಬಲ್' ಅಂತ ಬರೆದರೆ ಆಯಿತು. ಆ ದೊಡ್ಡ ಸಂಖ್ಯೆ ಒಂದು ವರ್ಷದ ಸೆಕೆಂಡುಗಳು, 365 ಗುಣಿಸು 86400. ಇಮ್ಯೂಟಬಲ್ ಅಂದರೆ ಈ ಫೈಲು ಎಂದೂ ಬದಲಾಗುವುದಿಲ್ಲ, ರೀಲೋಡ್ ಒತ್ತಿದರೂ ನನ್ನನ್ನು ಕೇಳಬೇಡ ಅಂತ. ಫೈರ್‌ಫಾಕ್ಸ್, ಸಫಾರಿ ಅದನ್ನು ಪಾಲಿಸುತ್ತವೆ. ಕ್ರೋಮ್ ಆ ಪದವನ್ನು ಲೆಕ್ಕಕ್ಕಿಡುವುದಿಲ್ಲ, ಆದರೆ ಮಾಮೂಲಿ ರೀಲೋಡ್‌ನಲ್ಲಿ ಅವಧಿ ಮುಗಿಯದ ಫಾಂಟನ್ನು ಅದು ಹೇಗೂ ಮತ್ತೆ ಕೇಳುವುದಿಲ್ಲ.

ಬರೆದೆ, ಉಳಿಸಿದೆ, ಪುಟ ತೆಗೆದು, ಏನೇನು ಇಳಿಯುತ್ತಿದೆ ಅಂತ ತೋರಿಸುವ ಬ್ರೌಸರಿನ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ನೋಡಿದೆ. ಮತ್ತೆ ಪೂರ್ತಿ ಇಳಿಯುತ್ತಿದೆ. ಮತ್ತೆ ತೆಗೆದೆ, ಮತ್ತೆ ಇಳಿಯಿತು. ಒಂದು ಇಡೀ ಭಾನುವಾರ ಹೋಸ್ಟಿಂಗ್‌ನವರಿಗೆ ಮನಸ್ಸಿನಲ್ಲೇ ಬೈದುಕೊಂಡು, ಊಟಕ್ಕೆ ಕರೆದವರ ಮೇಲೂ ರೇಗಿ, ಸಂಜೆ ನೋಡಿದರೆ ಆ ಟ್ಯಾಬಿನ ಮೇಲುಗಡೆ 'ಡಿಸೇಬಲ್ ಕ್ಯಾಶ್' ಅನ್ನುವ ಚೌಕಕ್ಕೆ ಟಿಕ್ ಇತ್ತು. ಎಂದೋ ನಾನೇ ಹಾಕಿದ್ದು. ಟಿಕ್ ತೆಗೆದ ಕೂಡಲೇ 'ಡಿಸ್ಕ್ ಕ್ಯಾಶ್' ಅಂತ ಬಂತು. ಹೋಸ್ಟಿಂಗ್‌ನವರಿಗೆ ಬೈದಿದ್ದರಲ್ಲಿ ಅರ್ಧ ವಾಪಸ್ ತೆಗೆದುಕೊಂಡೆ. ಇನ್ನರ್ಧ ಹಾಗೇ ಇರಲಿ.

ಪ್ರೀಲೋಡ್ ಬಗ್ಗೆ ಒಂದೇ ಮಾತು. ಫಾಂಟನ್ನು ಮೊದಲೇ ಇಳಿಸು ಅಂತ ಹೇಳುವ ಆ ಸಾಲಿನಲ್ಲಿ 'ಕ್ರಾಸ್‌ಒರಿಜಿನ್' ಅನ್ನುವ ಪದ ಇರಲೇಬೇಕು, ಫಾಂಟು ನಿಮ್ಮದೇ ಸೈಟಿನಲ್ಲಿ ಇದ್ದರೂ. ಇಲ್ಲದಿದ್ದರೆ ಅದೇ ಫೈಲು ಎರಡು ಸಲ ಇಳಿಯುತ್ತದೆ. ಬೇಗ ಬರಲಿ ಅಂತ ಹಾಕಿದ ಸಾಲೇ ಭಾರ ಡಬಲ್ ಮಾಡುತ್ತದೆ.

ಇದಕ್ಕಿಂತ ಮಜಾ ಬಂದಿದ್ದು ಅಣ್ಣತಮ್ಮಂದಿರ ಅಂಗಿಯಲ್ಲಿ. ತಮ್ಮ, ತಂಬಿ, ಚೇಟ್ಟನ್ ಮೂವರ ಒಳಗೂ ಇಂಗ್ಲಿಷ್ ಅಕ್ಷರಗಳಿವೆ, ಮೂರೂ ಒಂದೇ ವಿನ್ಯಾಸ. ಆದರೆ ಫಾಂಟಿನ ಹೆಸರು ಬೇರೆ, ಫೈಲು ಬೇರೆ. ಹಾಗಾಗಿ ಕನ್ನಡ ಪುಟದಲ್ಲಿ ಇಳಿದ ಇಂಗ್ಲಿಷ್ ತುಂಡು ತಮಿಳು ಪುಟಕ್ಕೆ ಕೆಲಸಕ್ಕೆ ಬರುವುದಿಲ್ಲ, ಅದೇ ಅಕ್ಷರಗಳು ಮತ್ತೆ ಇಳಿಯುತ್ತವೆ. ಸಿಎಸ್‌ಎಸ್‌ನಲ್ಲಿ ನಾನು 'ಬೆಲ್ಲ' ಅಂತ ಒಂದೇ ಕುಟುಂಬದ ಹೆಸರು ಇಟ್ಟು, ಅದರ ಕೆಳಗೆ ನಾಲ್ಕು ಫೈಲು ಸೇರಿಸಿದೆ. ತಮ್ಮನಿಂದ ಕನ್ನಡ ಮಾತ್ರ, ತಂಬಿಯಿಂದ ತಮಿಳು ಮಾತ್ರ, ಚೇಟ್ಟನ್‌ನಿಂದ ಮಲಯಾಳಂ ಮಾತ್ರ, ಇಂಗ್ಲಿಷ್ ಅಂಕಿ ಚಿಹ್ನೆ ಎಲ್ಲಕ್ಕೂ ಒಂದೇ ಫೈಲು, ₹ ಕೂಡ ಅದರಲ್ಲೇ. ಯಾವ ಭಾಷೆಯ ಪುಟಕ್ಕೆ ಮೊದಲು ಬಂದರೂ ಸರಿ, ಇಂಗ್ಲಿಷ್ ತುಂಡು ಒಂದು ಸಲ ಕ್ಯಾಶ್‌ಗೆ ಬಿದ್ದರೆ ನಾಲ್ಕೂ ಪುಟಕ್ಕೆ ಅದೇ. ಮೂವರಿಗೂ ಒಂದೇ ಅಂಗಿ. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಹೊಳೆಸಿಕೊಂಡೆ ಅಂತ ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಜಂಬ ಇಳಿಸಿದ್ದು ಮುಂದಿನ ಕಥೆ.

ಫೈಲು ಕತ್ತರಿಸಲು ಆನ್‌ಲೈನ್‌ನಲ್ಲಿ ಸಿಕ್ಕಿದ ಒಂದು ಪುಕ್ಕಟೆ ಉಪಕರಣ ಬಳಸಿದೆ. ಫಾಂಟ್ ಹಾಕಿ, ಬೇಕಾದ ಅಕ್ಷರ ಹೇಳಿ, ವೋಫ್2 ತೆಗೆದುಕೊಳ್ಳಿ, ಅಷ್ಟೇ. ಫೈಲು ಎಷ್ಟು ಸಣ್ಣದಾಗಿ ಬಂತು ಅಂದರೆ ನನಗೆ ಹಿಗ್ಗೋ ಹಿಗ್ಗು. ಅಷ್ಟು ಸಣ್ಣ ಯಾಕಾಯಿತು ಅಂತ ಅನುಮಾನ ಬರಬೇಕಿತ್ತು. ಬರಲಿಲ್ಲ. ಸಂಕ್ರಾಂತಿಗೆ ನಾಲ್ಕು ದಿನ ಇತ್ತು, ಎಳ್ಳು ಬೆಲ್ಲದ ಆರ್ಡರು ಬರುವ ಹೊತ್ತು, ಏರಿಸಿ ಮಲಗಿದೆ.

ಬೆಳಿಗ್ಗೆ ಮಾವ. "ಬೆಲ್ಲನೇ ಮುರಿದಾಕ್ಬುಟ್ಟಿದೀಯಲ್ಲೋ!"

ನೋಡಿದರೆ ಪುಟದ ತಲೆಯ ಮೇಲೆ 'ಬೆಲ್‌ಲ' ಅಂತ ಇದೆ. ಕೆಳಗೆ 'ಅಚ್‌ಚು ಬೆಲ್‌ಲ'. ಒತ್ತಕ್ಷರ ಎಲ್ಲಾ ಮಾಯ.

ಕನ್ನಡ ಗೊತ್ತಿರುವ ನಮಗೆ ಬೆಲ್ಲದ 'ಲ್ಲ' ಒಂದು ಅಕ್ಷರ. ಕಂಪ್ಯೂಟರಿನಲ್ಲಿ ಅದು ಮೂರು: ಲ, ಹಲಂತ, ಲ. ಕನ್ನಡಕ್ಕೆ ಯೂನಿಕೋಡ್ ಕೊಟ್ಟಿರುವುದು 128 ಜಾಗ, ಅದರಲ್ಲಿ ಒತ್ತುಗಳಿಗೆ ಪ್ರತ್ಯೇಕ ಜಾಗವೇ ಇಲ್ಲ. ಆ ಮೂರನ್ನು ಸೇರಿಸಿ ಕೆಳಗೆ ಒತ್ತು ಕೂರಿಸುವ ಕೆಲಸ ಫಾಂಟಿನ ಒಳಗಿರುವ ಜಿಸಬ್ ಅನ್ನುವ ಕೋಷ್ಟಕದ್ದು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಮೂರರಲ್ಲೂ ಹಾರ್ಫ್‌ಬಜ್ ಅನ್ನುವ ತಂತ್ರಾಂಶ ಆ ಕೋಷ್ಟಕ ಓದಿ ಅಕ್ಷರ ಕೂಡಿಸುತ್ತದೆ. ನಾನು ಬಳಸಿದ ಉಪಕರಣ ಫೈಲು ಸಣ್ಣದು ಮಾಡುವ ಭರದಲ್ಲಿ ಕೋಷ್ಟಕವನ್ನೇ ಕಿತ್ತು ಬಿಸಾಕಿತ್ತು. ಇಂಗ್ಲಿಷಿಗೆ ಅದಿಲ್ಲದಿದ್ದರೂ ನಡೆಯುತ್ತದೆ. ಕನ್ನಡಕ್ಕೆ ನಡೆಯುವುದಿಲ್ಲ, ಮಲಯಾಳಂಗೂ ಇಲ್ಲ.

ಸರಿ, ಫಾಂಟ್‌ಟೂಲ್ಸ್ ಅನ್ನುವ ಪೈಥಾನ್ ಉಪಕರಣದ ಪೈಎಫ್‌ಟಿಸಬ್‌ಸೆಟ್ ಬಳಸಿ ಮತ್ತೆ ಕತ್ತರಿಸಿದೆ. ಅದು ಭಾರತದ ಲಿಪಿಗಳಿಗೆ ಬೇಕಾದ ಕೋಷ್ಟಕಗಳನ್ನು ತಾನಾಗೇ ಉಳಿಸಿಕೊಳ್ಳುತ್ತದೆ. ವೋಫ್2 ಮಾಡಲು ಬ್ರಾಟ್ಲಿ ಅನ್ನುವ ಇನ್ನೊಂದು ತುಂಡು ಹಾಕಿಕೊಳ್ಳಬೇಕು, ಅಷ್ಟೇ. ಕನ್ನಡದ ಇಡೀ ಬ್ಲಾಕ್, ಅಂದರೆ ಆ 128 ಜಾಗವನ್ನೂ ಇಟ್ಟುಕೊಂಡೆ, ಪುಟದಲ್ಲಿ ಇರುವ ಅಕ್ಷರ ಮಾತ್ರ ಸಾಕು ಅನ್ನುವ ಜಿಪುಣತನ ಮಾಡಲಿಲ್ಲ. ಜೊತೆಗೆ ಕಣ್ಣಿಗೆ ಕಾಣದ ಎರಡು ಚಿಹ್ನೆಗಳು, ಅಕ್ಷರ ಜೋಡಿಸುವುದು ಒಂದು, ಬೇರೆ ಮಾಡುವುದು ಒಂದು, ಅವನ್ನೂ ಸೇರಿಸಿದೆ. 'ಬಾಕ್ಸ್‌ನಲ್ಲಿ' ಅಂತ ಬರೆಯುವಾಗ ಮಧ್ಯೆ ಕೂರುವುದು ಆ ಬೇರೆ ಮಾಡುವ ಚಿಹ್ನೆ. ಗೂಗಲ್‌ನ ಕನ್ನಡ ರೇಂಜಿನಲ್ಲೂ ಅವೆರಡು ಇವೆ.

ಹೊಸ ಫೈಲನ್ನು ಹಳೆಯ ಹೆಸರಿನಲ್ಲೇ ಏರಿಸಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಬೆಲ್ಲ ಕೂಡಿಕೊಂಡಿತು. ಮಾವನಿಗೆ ಫೋನ್ ಮಾಡಿದೆ. "ಇಲ್ಲ ಕಣ್ಲಾ, ಹಂಗೇ ಅದೆ." ರೀಲೋಡ್ ಮಾಡಿ ಅಂದೆ. "ಹಂಗೇ ಅದೆ." ಅಯ್ಯೋ ಅನ್ನಿಸಿತು. ಎಂದೂ ಬದಲಾಗುವುದಿಲ್ಲ, ಒಂದು ವರ್ಷ ನನ್ನನ್ನು ಕೇಳಬೇಡ ಅಂತ ಬ್ರೌಸರ್‌ಗೆ ಮಾತು ಕೊಟ್ಟವನು ನಾನೇ. ಮಾವನ ಫೋನು ಆ ಮಾತನ್ನು ನಿಯತ್ತಾಗಿ ಪಾಲಿಸುತ್ತಿತ್ತು. ಮುರಿದ ಬೆಲ್ಲ ಮುಂದಿನ ಸಂಕ್ರಾಂತಿವರೆಗೆ ಗಟ್ಟಿ.

"ಮಾವ, ಕ್ಯಾಶ್ ಕ್ಲಿಯರ್ ಮಾಡ್ಬೇಕು, ಒಂಚೂರು ತಡ್ಕೊಳಿ, ಹೇಳ್ತೀನಿ" ಅಂದೆ.

"ಯಾವ ಕ್ಯಾಶ್‌ಲಾ ಕ್ಲಿಯರ್ ಮಾಡ್ಲಿ? ಮಂಡಿಯವ್ರು ನಂಗೇ ಇನ್ನೂ ಕೊಟ್ಟಿಲ್ಲ!"

ಮಾವನ ಫೋನನ್ನು ಮನೆಗೇ ಹೋಗಿ ಸರಿ ಮಾಡಬಹುದು. ಆ ರಾತ್ರಿ ಪುಟ ನೋಡಿದ ಮೈಸೂರಿನ, ಈರೋಡಿನ ಗಿರಾಕಿಗಳ ಫೋನಿಗೆ ಹೋಗಲು ಆಗುತ್ತದಾ? ಪರಿಹಾರ ಸುಲಭ, ಮೊದಲೇ ಗೊತ್ತಿರಬೇಕಿತ್ತು. ಫೈಲಿನ ಹೆಸರನ್ನೇ ಬದಲಾಯಿಸುವುದು. ತಮ್ಮ-1 ಇದ್ದದ್ದನ್ನು ತಮ್ಮ-2 ಮಾಡಿ, ಸಿಎಸ್‌ಎಸ್‌ನಲ್ಲಿ ಹೊಸ ಹೆಸರು ಬರೆದೆ. ಬ್ರೌಸರ್‌ಗೆ ಅದು ಹೊಸ ಫೈಲು, ಹೋಗಿ ತರುತ್ತದೆ. ಒಂದು ವರ್ಷದ ಕ್ಯಾಶ್ ಕೊಡುವುದಾದರೆ ಹೆಸರಿನಲ್ಲಿ ಸಂಖ್ಯೆ ಇರಲೇಬೇಕು. ಎಚ್‌ಟಿಎಂಎಲ್ ಪುಟಕ್ಕೂ ಸಿಎಸ್‌ಎಸ್‌ಗೂ ಮಾತ್ರ ಆ ವರ್ಷದ ಚೀಟಿ ಅಂಟಿಸಬೇಡಿ, ಅವು ಪ್ರತಿ ಸಲ ಸರ್ವರನ್ನು ಕೇಳಲಿ. ಅವೂ ಗಟ್ಟಿಯಾಗಿ ಕೂತರೆ ಹೊಸ ಹೆಸರು ಹೇಳುವವರೇ ಇರುವುದಿಲ್ಲ.

ಈಗ ಪುಟ ಹೇಗಿದೆ ಅಂದರೆ, ಬಾಲೂ ಶೀರ್ಷಿಕೆಗಳಿಗೆ ಮಾತ್ರ. ಉಳಿದ ಬರಹಕ್ಕೆಲ್ಲ ಫೋನಿನಲ್ಲೇ ಇರುವ ಫಾಂಟು. ಆಂಡ್ರಾಯ್ಡ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಇರುತ್ತದೆ, ಐಫೋನಿನಲ್ಲಿ ಕನ್ನಡ ಸಂಗಮ್, ವಿಂಡೋಸ್‌ನಲ್ಲಿ 8ರಿಂದ ಈಚೆಗೆ ನಿರ್ಮಲಾ ಯುಐ, ಅದಕ್ಕೂ ಮೊದಲು ತುಂಗಾ ಇತ್ತು. ತಮಿಳಿಗೂ ಮಲಯಾಳಂಗೂ ಹೀಗೇ. ಇಳಿಸಬೇಕಿಲ್ಲ, ಕ್ಯಾಶ್ ಮಾಡಬೇಕಿಲ್ಲ, ಒಂದು ಕೆಬಿ ಖರ್ಚಿಲ್ಲ. ಹಿಂದೆ ಕನ್ನಡ ಸೈಟುಗಳಲ್ಲಿ 'ಅಕ್ಷರ ಕಾಣದಿದ್ದರೆ ಫಾಂಟ್ ಡೌನ್‌ಲೋಡ್ ಮಾಡಿಕೊಳ್ಳಿ' ಅಂತ ಒಂದು ಕೊಂಡಿ ಇರುತ್ತಿತ್ತು, ನೆನಪಿದೆಯಾ? ಆ ಭಯ ನಮ್ಮ ತಲೆಯಿಂದ ಇನ್ನೂ ಹೋಗಿಲ್ಲ ಅನ್ನಿಸುತ್ತದೆ, ಅದಕ್ಕೇ ಎಲ್ಲದಕ್ಕೂ ಫಾಂಟ್ ಕಳಿಸುತ್ತೇವೆ. ಈಗ ಎಲ್ಲರ ಜೇಬಿನಲ್ಲೂ ಒಳ್ಳೆಯ ಕನ್ನಡ ಅಕ್ಷರ ಇದೆ. ಇನ್ನೊಂದು ವಿಷಯ, ಒಂದು ವರ್ಷದ ಕ್ಯಾಶ್ ಅನ್ನುವುದು ಬರೀ ಪರವಾನಗಿ, ಗ್ಯಾರಂಟಿ ಅಲ್ಲ. ಗುಡ್ ಮಾರ್ನಿಂಗ್ ಫೋಟೋ ತುಂಬಿ ಜಾಗವೇ ಇಲ್ಲದ ಫೋನಿನಲ್ಲಿ ಬ್ರೌಸರ್ ಕ್ಯಾಶನ್ನು ಎಂದು ಬೇಕಾದರೂ ಖಾಲಿ ಮಾಡುತ್ತದೆ. ಫೋನಿನ ಸ್ವಂತ ಫಾಂಟು ಮಾತ್ರ ಎಲ್ಲೂ ಹೋಗುವುದಿಲ್ಲ.

ಶೀರ್ಷಿಕೆಗೆ ಸ್ವಾಪ್ ತೆಗೆದು 'ಆಪ್ಷನಲ್' ಹಾಕಿದ್ದೇನೆ. ಬಾಲೂ 100 ಮಿಲಿಸೆಕೆಂಡ್ ಒಳಗೆ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಈ ಸಲಕ್ಕೆ ಇರುವ ಅಕ್ಷರವೇ ಇರಲಿ, ಮಧ್ಯೆ ಬದಲಾಯಿಸಿ ಪುಟ ಕುಣಿಸಬೇಡ ಅಂತ ಅರ್ಥ. ಕನ್ನಡದಲ್ಲಿ ಈ ಕುಣಿತ ಜಾಸ್ತಿ, ಯಾಕೆಂದರೆ ಒತ್ತುಗಳು ಕೆಳಗಿಳಿಯುವ ಲೆಕ್ಕ ಒಂದೊಂದು ಫಾಂಟಿನಲ್ಲಿ ಒಂದೊಂದು ತರ, ಸಾಲಿನ ಎತ್ತರವೇ ಬದಲಾಗಿಬಿಡುತ್ತದೆ. ಆಪ್ಷನಲ್ ಹಾಕಿದರೂ ಫೈಲು ಸಾಮಾನ್ಯವಾಗಿ ಹಿಂದಿನಿಂದ ಇಳಿದು ಕ್ಯಾಶ್‌ಗೆ ಸೇರುತ್ತದೆ, ಎರಡನೇ ಪುಟಕ್ಕೋ ಎರಡನೇ ಸಲಕ್ಕೋ ಬಾಲೂ ಬರುತ್ತದೆ. ಮಾವನಿಗೆ ಇದು ಇಷ್ಟವಿಲ್ಲ. "ನೆನ್ನೆ ಸಣ್ಣಕಿತ್ತು, ಇವತ್ತು ದಪ್ಪಕದೆ, ಏನ್ಲಾ ಇದು" ಅನ್ನುತ್ತಾರೆ. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಬ್ರೌಸರಿನ ಒಳಗೇ ಕೈ ಹಾಕುವ ಆಸೆಯೂ ಒಂದು ಸಲ ಬಂತು. ಫೈರ್‌ಫಾಕ್ಸ್ ಒಂದು ಸಲ ಕೂಡಿಸಿದ ಪದದ ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ, ಅದೇ ಪದ ಮತ್ತೆ ಬಂದರೆ ಮತ್ತೆ ಲೆಕ್ಕ ಹಾಕುವುದಿಲ್ಲ. ಎಷ್ಟು ಉದ್ದದ ಪದದವರೆಗೆ ಅನ್ನುವುದಕ್ಕೆ ಅದರ ಕಾನ್ಫಿಗ್ ಪುಟದಲ್ಲಿ ಒಂದು ಮಿತಿ ಇದೆ, ಮೊದಲೇ ಇರುವುದು 32. ಕನ್ನಡದ ಉದ್ದ ಪದಗಳು ಅದಕ್ಕೆ ಹಿಡಿಸುತ್ತವಾ ಅಂತ 'ಒಪ್ಪಿಕೊಳ್ಳಬೇಕಾಗಿರುವುದರಿಂದ' ಅನ್ನುವ ರಾಕ್ಷಸ ಪದವನ್ನು ಎಣಿಸಿದೆ. ಗುಣಿತ, ಹಲಂತ ಎಲ್ಲಾ ಸೇರಿ 25. ಹಿಡಿಸುತ್ತದೆ. ಮಿತಿ ಏರಿಸಿಯೂ ನೋಡಿದೆ, ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ, ವಾಪಸ್ ಇಟ್ಟೆ. ಸುಮ್ನೆ ಅದರ ತಂಟೆಗೆ ಹೋಗಬೇಡಿ.

ಅಂಕ ಕೊಡಲೇಬೇಕು ಅಂದರೆ ಬಾಲೂ ಫಾಂಟಿಗೆ ಐದಕ್ಕೆ ನಾಲ್ಕೂವರೆ. ಗೂಗಲ್ ಫಾಂಟ್ಸ್‌ಗೆ ಮೂರೂವರೆ, ಒಂದೇ ಭಾಷೆಯ ಸಣ್ಣ ಪುಟ ಮಾಡುವವರು, ಸರ್ವರ್ ತಂಟೆ ಬೇಡ ಅನ್ನುವವರು ಕಣ್ಣು ಮುಚ್ಚಿ ಬಳಸಬಹುದು. ಸ್ವಂತ ಹೋಸ್ಟಿಂಗ್‌ನಲ್ಲಿ ಇಡುವುದಕ್ಕೆ ನಾಲ್ಕು, ಎರಡು ಭಾನುವಾರ ಕಳೆದುಕೊಳ್ಳಲು ತಯಾರಿದ್ದರೆ. ನಮ್ಮ ಹೋಸ್ಟಿಂಗ್‌ನವರಿಗೆ ಎರಡು, ಅದೂ ನಾನೇ ಟಿಕ್ ಹಾಕಿಟ್ಟ ಪಾಪಕ್ಕೆ ಒಂದು ಸೇರಿಸಿ.

ತಮ್ಮ ಈಗ 4ನೇ ಸಂಖ್ಯೆಯಲ್ಲಿದ್ದಾನೆ, ಚೇಟ್ಟನ್ 2ರಲ್ಲಿ. ಹಳೆಯ ತಮ್ಮ-1 ಫೈಲನ್ನು ಸರ್ವರ್‌ನಿಂದ ಇನ್ನೂ ಅಳಿಸಿಲ್ಲ, ಅದೇ ಹೆಸರಿನಲ್ಲಿ ಕೂಡಿದ ಬೆಲ್ಲ ಇರುವ ಫೈಲನ್ನೇ ಇಟ್ಟಿದ್ದೇನೆ. ಯಾರದೋ ಫೋನಿನಲ್ಲಿ ಹಳೆಯ ಪುಟ ಹಾಗೇ ತೆರೆದಿದ್ದು, ಅದು ಬಂದು ಆ ಹೆಸರನ್ನೇ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ ಅಲ್ವಾ. ಈ ಸಂಕ್ರಾಂತಿ ಕಳೆಯಲಿ, ಆಮೇಲೆ ಅಳಿಸುತ್ತೇನೆ.